ಗುಂಪಿನ ವೇಗದಲ್ಲಿ ಹೊಸ ಹೆಜ್ಜೆ

ಓಡುವುದನ್ನೂ ಯಾರಾದರೂ ಕಲಿಸಬೇಕೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ನಗುತ್ತಾರೆ. ಈಜಿಗೆ ಗುರು ಬೇಕು, ಸಂಗೀತಕ್ಕೆ ಗುರು ಬೇಕು, ಯೋಗಕ್ಕಂತೂ ಮೈಸೂರಿನಲ್ಲಿ ಬೀದಿಗೊಬ್ಬ ಗುರು ಸಿಗುತ್ತಾರೆ. ಓಟ ಮಾತ್ರ ನಡೆಯಲು ಕಲಿತ ಕೆಲವೇ ತಿಂಗಳಲ್ಲಿ ತಾನಾಗಿ ಬಂದುಬಿಡುವ ವಿದ್ಯೆ ಎಂಬುದು ಎಲ್ಲರ ನಂಬಿಕೆ. ಮಕ್ಕಳ ಮಟ್ಟಿಗೆ ಇದು ನಿಜವೂ ಹೌದು. ಏಳೆಂಟು ವರ್ಷದ ಹುಡುಗಿಯೊಬ್ಬಳು ಬೀದಿಯಲ್ಲಿ ಓಡುವುದನ್ನು ಗಮನಿಸಿದರೆ ಅಲ್ಲಿ ತಿದ್ದಬೇಕಾದದ್ದೇನೂ ಕಾಣುವುದಿಲ್ಲ. ಆದರೆ ಹತ್ತನೆಯ ತರಗತಿಯ ನಂತರ ಓಟವನ್ನು ಬಿಟ್ಟು, ಇಪ್ಪತ್ತೈದು ಮೂವತ್ತು ವರ್ಷ ಕುರ್ಚಿಯಲ್ಲಿ ಕುಳಿತು, ವೈದ್ಯರು ರಕ್ತದ ಸಕ್ಕರೆಯ ಅಂಕಿಯನ್ನು ತೋರಿಸಿದ ಮೇಲೆ ಮತ್ತೆ ಓಡಲು ಹೊರಟ ನಮ್ಮಂಥವರ ವಿಷಯ ಬೇರೆ. ಸೊಂಟದ ಮುಂಭಾಗದ ಸ್ನಾಯುಗಳು ಬಿಗಿದುಕೊಂಡಿರುತ್ತವೆ, ಪೃಷ್ಠದ ಸ್ನಾಯುಗಳು ತಮ್ಮ ಕೆಲಸವನ್ನು ಮರೆತಿರುತ್ತವೆ, ಮನಸ್ಸು ಮಾತ್ರ ಶಾಲೆಯ ಕ್ರೀಡಾಕೂಟದಲ್ಲಿ ಓಡಿದ ಹುಡುಗನ ವೇಗವನ್ನೇ ನೆನಪಿಟ್ಟುಕೊಂಡಿರುತ್ತದೆ. ಆ ವೇಗವನ್ನು ತಲುಪಲು ದೇಹ ಸುಲಭವಾಗಿ ಕಂಡುಕೊಳ್ಳುವ ಉಪಾಯವೆಂದರೆ ಕಾಲನ್ನು ಆದಷ್ಟು ಮುಂದಕ್ಕೆ ಚಾಚುವುದು.

ಕೆಲವು ವರ್ಷ ಒಬ್ಬನೇ ಓಡಿದ ಮೇಲೆ ನಾನು ಸೇರಿದ ಗುಂಪು ಮೈಸೂರಿನ ಇಂಥ ಹಲವು ಗುಂಪುಗಳ ಹಾಗೆಯೇ ಇದೆ. ಬ್ಯಾಂಕಿನವರು, ಅಂಚೆ ಇಲಾಖೆಯವರು, ಮಾನಸಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿಗಳು, ದಂತವೈದ್ಯರು, ಮಕ್ಕಳನ್ನು ಶಾಲೆಗೆ ಕಳುಹಿಸುವ ಹೊತ್ತಿಗೆ ಮನೆ ಸೇರಲೇಬೇಕಾದ ತಾಯಂದಿರು ಎಲ್ಲರೂ ಇದ್ದಾರೆ. ಮಂಗಳವಾರ ಮತ್ತು ಗುರುವಾರ ಓವಲ್ ಮೈದಾನದಲ್ಲಿ ಅಭ್ಯಾಸ. ಭಾನುವಾರ ಕುಕ್ಕರಹಳ್ಳಿ ಕೆರೆಯ ಬಳಿಯಿಂದ ಹೊರಟು ಬೋಗಾದಿಯ ಕಡೆಗೋ ಚಾಮುಂಡಿ ಬೆಟ್ಟದ ಕಡೆಗೋ ದೂರದ ಓಟ. ತರಬೇತಿ ಕೊಡುವವರು ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಡಿಪ್ಲೊಮಾ ಮಾಡಿ ಬಂದವರು; ಎಲ್ಲರಿಗೂ ಅವರು ಮೇಷ್ಟ್ರು. ಮೊದಲ ಕೆಲವು ವಾರ ಅವರು ನನ್ನನ್ನು ಸುಮ್ಮನೆ ನೋಡಿದರು. ಆಮೇಲೊಂದು ಮುಂಜಾನೆ ಪಕ್ಕದಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ, ನಿಧಾನಗತಿಯಲ್ಲಿ ಓಡಿಸಿ, ಎಡಗಾಲು ನೆಲ ಮುಟ್ಟುವ ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸಿದರು.

ಸೊಂಟದಿಂದ ನೇರ ಕೆಳಕ್ಕೆ ಅವರು ಬೆರಳಿನಿಂದ ಒಂದು ಗೆರೆ ಎಳೆದು ತೋರಿಸಿದರು. ಪಾದವು ಆ ಗೆರೆಗಿಂತ ಒಂದು ಗೇಣಿಗೂ ಹೆಚ್ಚು ಮುಂದಿತ್ತು, ಮೊಣಕಾಲು ಬಹುಮಟ್ಟಿಗೆ ನೆಟ್ಟಗಿತ್ತು, ಹಿಮ್ಮಡಿಯ ತುದಿ ಮಾತ್ರ ನೆಲಕ್ಕೆ ತಗುಲಿತ್ತು. ದೇಹದ ಭಾರ ಇನ್ನೂ ಹಿಂದಿರುವಾಗಲೇ ಕಾಲು ಮುಂದೆ ಹೋಗಿ ನೆಲವನ್ನು ಒದ್ದರೆ, ನೆಲವೂ ದೇಹವನ್ನು ಹಿಂದಕ್ಕೆ ತಳ್ಳುತ್ತದೆ. ಅಂದರೆ ಪ್ರತಿ ಹೆಜ್ಜೆಯಲ್ಲೂ ಒಮ್ಮೆ ತಡೆದುಕೊಂಡು, ಕಳೆದುಕೊಂಡ ವೇಗವನ್ನು ಮತ್ತೆ ಸಂಪಾದಿಸಿಕೊಂಡು ಮುಂದೆ ಹೋಗಬೇಕಾಗುತ್ತದೆ. ಓಡುವಾಗ ನೆಲದಿಂದ ಕಾಲಿಗೆ ಬರುವ ಬಲ ದೇಹತೂಕದ ಎರಡರಿಂದ ಮೂರು ಪಟ್ಟು ಇರುತ್ತದೆ. ನಿಮಿಷಕ್ಕೆ 160 ಹೆಜ್ಜೆ ಹಾಕುತ್ತ, ಕಿಲೋಮೀಟರಿಗೆ ಏಳು ನಿಮಿಷ ತೆಗೆದುಕೊಳ್ಳುವ ನನ್ನಂಥವನು ಒಂದು ಕಿಲೋಮೀಟರಿನಲ್ಲಿ 1,120 ಹೆಜ್ಜೆ ಹಾಕುತ್ತಾನೆ. ಹತ್ತು ಕಿಲೋಮೀಟರು ಮುಗಿಯುವ ಹೊತ್ತಿಗೆ ಮೊಣಕಾಲು ಚಿಪ್ಪಿನ ಸುತ್ತ ಏಕೆ ನೋಯುತ್ತಿತ್ತು ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಇಷ್ಟು ಕೇಳಿದ ಕೂಡಲೇ ಗುಂಪಿನಲ್ಲಿ ಯಾರಾದರೊಬ್ಬರು 180 ಎನ್ನುತ್ತಾರೆ. ನಿಮಿಷಕ್ಕೆ 180 ಹೆಜ್ಜೆ ಹಾಕಬೇಕು ಎಂಬ ಈ ಸಂಖ್ಯೆಗೆ ಒಂದು ಮೂಲವಿದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ತರಬೇತುದಾರ ಜಾಕ್ ಡೇನಿಯಲ್ಸ್ ತಮ್ಮ ಪತ್ನಿಯೊಡನೆ ಕುಳಿತು ಓಟಗಾರರ ಹೆಜ್ಜೆಗಳನ್ನು ಎಣಿಸಿದರು. ಅವರು ಗಮನಿಸಿದ 46 ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲರೂ ನಿಮಿಷಕ್ಕೆ 180 ಅಥವಾ ಅದಕ್ಕಿಂತ ಹೆಚ್ಚು ಹೆಜ್ಜೆ ಹಾಕುತ್ತಿದ್ದರು. ಎಣಿಕೆಯಲ್ಲಿ ಸಂದೇಹಪಡಬೇಕಾದದ್ದೇನೂ ಇಲ್ಲ. ಆದರೆ ಅವರು ಒಲಿಂಪಿಕ್ಸ್ ಮಟ್ಟದವರು, ಸ್ಪರ್ಧೆಯ ವೇಗದಲ್ಲಿ ಓಡುತ್ತಿದ್ದವರು. ವೇಗ ಹೆಚ್ಚಿದಂತೆ ಹೆಜ್ಜೆಯ ಸಂಖ್ಯೆಯೂ ಹೆಚ್ಚುತ್ತದೆ, ಕಾಲು ಉದ್ದವಿದ್ದವರಲ್ಲಿ ಅದು ಸಹಜವಾಗಿಯೇ ಸ್ವಲ್ಪ ಕಡಿಮೆಯಿರುತ್ತದೆ. ಕಿಲೋಮೀಟರಿಗೆ ಮೂರು ನಿಮಿಷದವರ ಅಂಕಿಯನ್ನು ಏಳು ನಿಮಿಷದವರ ಮೇಲೆ ಹೇರಿದರೆ ಓಟ ಹೋಗಿ ತಕಧಿಮಿ ಉಳಿಯುತ್ತದೆ. ಹಿಂದೊಮ್ಮೆ ನಮ್ಮ ಗುಂಪಿನ ಕೆಲವರು ಕಿವಿಯಲ್ಲಿ 180ರ ಮೆಟ್ರೊನೋಮ್, ಅಂದರೆ ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುವ ತಾಳಯಂತ್ರ, ಇಟ್ಟುಕೊಂಡು ಕೆರೆಯ ಏರಿಯ ಮೇಲೆ ಓಡುತ್ತಿದ್ದರಂತೆ. ವಾಕಿಂಗಿಗೆ ಬಂದ ಹಿರಿಯರೊಬ್ಬರು ಅವರನ್ನು ತಡೆದು, ಕಾಲಿಗೇನಾದರೂ ಚುಚ್ಚಿತೇ ಎಂದು ವಿಚಾರಿಸಿದರೆಂಬುದು ಈಗಲೂ ಗುಂಪಿನಲ್ಲಿ ಹೇಳಿಕೊಂಡು ನಗುವ ಕಥೆ.

ಮೇಷ್ಟ್ರು ಕೇಳಿದ್ದು ಶೇಕಡಾ 5ರಷ್ಟು ಮಾತ್ರ. 160 ಇದ್ದದ್ದು 168 ಆಗಬೇಕು, ವೇಗ ಮಾತ್ರ ಒಂದಿಷ್ಟೂ ಹೆಚ್ಚಬಾರದು. ಲೆಕ್ಕ ಹಾಕಿದರೆ ಹೆಜ್ಜೆಯ ಉದ್ದ ಸುಮಾರು ನಾಲ್ಕು ಸೆಂಟಿಮೀಟರ್ ಕುಗ್ಗುತ್ತದೆ, ಅಷ್ಟೆ. ಈ ಸಣ್ಣ ಬದಲಾವಣೆಗೆ ಆಧಾರವಿದೆ: 2011ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬ್ರಯಾನ್ ಹೈಡರ್‌ಶೈಟ್ ಮತ್ತು ಸಂಗಡಿಗರು ಅದೇ ವೇಗದಲ್ಲಿ ಓಡುವವರ ಹೆಜ್ಜೆಯ ಸಂಖ್ಯೆಯನ್ನು ಶೇಕಡಾ 5 ಮತ್ತು 10ರಷ್ಟು ಹೆಚ್ಚಿಸಿ ನೋಡಿದಾಗ, ಮೊಣಕಾಲು ಹೀರಿಕೊಳ್ಳಬೇಕಾದ ಹೊರೆ ಎರಡೂ ಸಂದರ್ಭಗಳಲ್ಲಿ ಗಮನಾರ್ಹವಾಗಿ ತಗ್ಗಿತ್ತು. ಕಷ್ಟವಿರುವುದು ಹೆಜ್ಜೆ ಹೆಚ್ಚಿಸುವುದರಲ್ಲಿ ಅಲ್ಲ, ವೇಗ ಹೆಚ್ಚಿಸದಿರುವುದರಲ್ಲಿ. ಇವೆರಡೂ ಒಂದೇ ಎಂದು ಕಾಲು ತಿಳಿದಿರುತ್ತದೆ; ಚುರುಕಾಗಿ ಹೆಜ್ಜೆ ಹಾಕು ಎಂದರೆ ಅದು ಬೇಗ ಓಡು ಎಂದೇ ಅರ್ಥ ಮಾಡಿಕೊಳ್ಳುತ್ತದೆ. ಗುಂಪಿನಲ್ಲಿ ಮೃದಂಗ ಕಲಿತವರೊಬ್ಬರಿದ್ದಾರೆ, ಈ ವಿಷಯ ಅವರಿಗೆ ಒಂದೇ ದಿನದಲ್ಲಿ ಹಿಡಿಯಿತು. ವರ್ಣವನ್ನು ಎರಡನೆಯ ಕಾಲದಲ್ಲಿ ಹಾಡುವಾಗ ತಾಳ ಹಾಕುವ ಕೈ ಇದ್ದಲ್ಲೇ ಇರುತ್ತದೆ, ಅದೇ ಆವರ್ತನದೊಳಗೆ ಸ್ವರಗಳು ಮಾತ್ರ ಹೆಚ್ಚುತ್ತವೆ. ಅವಸರದ ವಿದ್ಯಾರ್ಥಿ ಸ್ವರದ ಜೊತೆಗೆ ತಾಳವನ್ನೂ ಓಡಿಸಿಬಿಡುತ್ತಾನೆ. ನಾನು ಬಹಳ ದಿನ ಆ ಅವಸರದ ವಿದ್ಯಾರ್ಥಿಯಾಗಿಯೇ ಇದ್ದೆ.

ಪಾದದ ಯಾವ ಭಾಗ ಮೊದಲು ನೆಲ ಮುಟ್ಟಬೇಕು ಎಂಬ ವಿಷಯವನ್ನು ಮೇಷ್ಟ್ರು ಎತ್ತಲೇ ಇಲ್ಲ ಎಂಬುದನ್ನು ಇಲ್ಲಿ ಹೇಳಬೇಕು, ಏಕೆಂದರೆ ಗುಂಪಿನಲ್ಲಿ ಓಟದ ಭಂಗಿಯ ಬಗ್ಗೆ ನಡೆಯುವ ಮಾತುಗಳಲ್ಲಿ ಮುಕ್ಕಾಲು ಪಾಲು ಅದೇ. ಭಾನುವಾರದ ಓಟ ಮುಗಿದು, ಹೋಟೆಲಿನಲ್ಲಿ ಮೊದಲ ಸುತ್ತಿನ ಇಡ್ಲಿ ಬರುವಷ್ಟರಲ್ಲಿ ಎರಡು ಪಕ್ಷಗಳು ಸಿದ್ಧವಾಗಿರುತ್ತವೆ. ಮುಂಗಾಲಿನ ಪಕ್ಷದವರು 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಅವರ ಸಂಶೋಧನೆಯನ್ನು ಮುಂದಿಡುತ್ತಾರೆ: ಬರಿಗಾಲಿನಲ್ಲೇ ಓಡಿ ಬೆಳೆದ ಕೆನ್ಯಾದವರು ಹೆಚ್ಚಾಗಿ ಮುಂಗಾಲಿನ ಮೇಲೆ ಇಳಿಯುತ್ತಾರೆ, ಹಾಗಾಗಿ ನೆಲದ ಮೊದಲ ಹೊಡೆತ ಅವರಲ್ಲಿ ಬಹಳ ಕಡಿಮೆ. ಹಿಮ್ಮಡಿಯ ಪಕ್ಷದವರ ಬತ್ತಳಿಕೆಯೂ ಬರಿದಲ್ಲ. 2004ರ ಸಪ್ಪೊರೊ ಹಾಫ್ ಮ್ಯಾರಥಾನ್‌ನಲ್ಲಿ 15 ಕಿಲೋಮೀಟರಿನ ಬಳಿ ಕ್ಯಾಮೆರಾ ಇಟ್ಟು ನೋಡಿದಾಗ, 283 ಉನ್ನತ ಮಟ್ಟದ ಓಟಗಾರರಲ್ಲಿ ಮುಕ್ಕಾಲು ಭಾಗ ಹಿಮ್ಮಡಿಯ ಮೇಲೆಯೇ ಇಳಿಯುತ್ತಿದ್ದರು. 2013ರಲ್ಲಿ ಉತ್ತರ ಕೆನ್ಯಾದ ದಾಸನಚ್ ಜನರನ್ನು ಪರೀಕ್ಷಿಸಿದಾಗ, ಶೂ ಹಾಕುವ ರೂಢಿಯೇ ಇಲ್ಲದ ಅವರೂ ತಮಗೆ ಹಿತವೆನಿಸುವ ವೇಗದಲ್ಲಿ ಹೆಚ್ಚಾಗಿ ಹಿಮ್ಮಡಿಯನ್ನೇ ಮೊದಲು ಊರುತ್ತಿದ್ದರು. ಅಷ್ಟರಲ್ಲಿ ಯಾರೋ ಅಬೆಬೆ ಬಿಕಿಲ ಎನ್ನುತ್ತಾರೆ. 1960ರಲ್ಲಿ ರೋಮ್‌ನಲ್ಲಿ ಬರಿಗಾಲಿನಲ್ಲಿ ಓಡಿ 2 ಗಂಟೆ 15 ನಿಮಿಷ 16 ಸೆಕೆಂಡಿಗೆ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದ ಬಿಕಿಲ, 1964ರಲ್ಲಿ ಟೋಕಿಯೊದಲ್ಲಿ ಶೂ ಧರಿಸಿ ಅದಕ್ಕಿಂತ ಮೂರು ನಿಮಿಷ ಬೇಗ ಓಡಿ ಮತ್ತೆ ಗೆದ್ದರು. ಹಾಗಾಗಿ ಅವರನ್ನು ಎರಡೂ ಪಕ್ಷದವರು ತಮ್ಮವರೆಂದು ಹೇಳಿಕೊಳ್ಳಬಹುದು. ಬರಿಗಾಲಿನಲ್ಲಿ ಓಡುತ್ತಿದ್ದ ನಮ್ಮ ಶಿವನಾಥ ಸಿಂಗ್ 1978ರಲ್ಲಿ ಜಲಂಧರಿನಲ್ಲಿ ಮ್ಯಾರಥಾನನ್ನು 2 ಗಂಟೆ 12 ನಿಮಿಷಕ್ಕೆ ಮುಗಿಸಿ ಸ್ಥಾಪಿಸಿದ ರಾಷ್ಟ್ರೀಯ ದಾಖಲೆಯನ್ನು ದಶಕಗಳ ಕಾಲ ಯಾರಿಗೂ ಮುರಿಯಲಾಗಲಿಲ್ಲ ಎಂಬ ಮಾತು ಕಾಫಿಯ ಹೊತ್ತಿಗೆ ಬರುತ್ತದೆ.

ಇದರಲ್ಲಿ ನನ್ನ ತೀರ್ಮಾನ ಸರಳ. ಪಾದ ಎಲ್ಲಿ ಇಳಿಯುತ್ತದೆ ಎಂಬುದು ಮುಖ್ಯ, ಪಾದದ ಯಾವ ಭಾಗ ಮೊದಲು ಇಳಿಯುತ್ತದೆ ಎಂಬುದು ಬಹುಮಟ್ಟಿಗೆ ಅದರ ಫಲ. ಹೆಜ್ಜೆ ಚಿಕ್ಕದಾಗಿ ಪಾದವು ಸೊಂಟದ ಹತ್ತಿರ ಬಂದಾಗ ನನ್ನ ಹಿಮ್ಮಡಿಯ ಹೊಡೆತ ತಾನಾಗಿಯೇ ಮೆತ್ತಗಾಯಿತು. ಹಿಮ್ಮಡಿಯನ್ನು ಎತ್ತಿ ಹಿಡಿಯಲು ನಾನು ಯಾವ ಸಾಹಸವನ್ನೂ ಮಾಡಲಿಲ್ಲ. ಹಾಗೆ ಮಾಡಲು ಹೋದವರನ್ನು ಮಾತ್ರ ನೋಡಿದ್ದೇನೆ. ಗುಂಪಿನ ಒಬ್ಬ ತರುಣ ದಪ್ಪ ಅಟ್ಟೆಯ ಶೂ ಬಿಟ್ಟು ಕಾಗದದಷ್ಟು ತೆಳುವಾದದ್ದನ್ನು ಹಾಕಿಕೊಂಡು, ಮೊದಲ ವಾರದಿಂದಲೇ ತುದಿಗಾಲಿನಲ್ಲಿ ಪೂರ್ತಿ ದೂರ ಓಡತೊಡಗಿದ; ಮಳೆಗಾಲ ಕಳೆಯುವಷ್ಟರಲ್ಲಿ ಪಾದದ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟು ಮನೆಯಲ್ಲಿ ಕುಳಿತ. ಐದು ಬೆರಳುಗಳಿಗೂ ಬೇರೆ ಬೇರೆ ಗೂಡುಗಳಿರುವ ಶೂಗಳನ್ನು ಮಾರಿದ ವಿಬ್ರಮ್ ಕಂಪನಿಯು, ಅವು ಗಾಯವನ್ನು ತಗ್ಗಿಸುತ್ತವೆ ಎಂಬ ತನ್ನ ಪ್ರಚಾರದ ಕುರಿತು ಅಮೆರಿಕದಲ್ಲಿ ಹೂಡಲಾದ ಮೊಕದ್ದಮೆಯನ್ನು ಇತ್ಯರ್ಥಪಡಿಸಿಕೊಳ್ಳಲು 2014ರಲ್ಲಿ 37.5 ಲಕ್ಷ ಡಾಲರ್ ಒದಗಿಸಲು ಒಪ್ಪಿಕೊಂಡಿತ್ತು. ಶೂವಿನ ದೋಷಕ್ಕಿಂತ ಅವಸರದ ದೋಷವೇ ಹೆಚ್ಚು ಎಂದು ನನಗೆ ಅನ್ನಿಸುತ್ತದೆ, ಆದರೆ ಅವಸರವನ್ನು ಮಾರಿದ್ದು ಜಾಹೀರಾತೇ ತಾನೆ.

ಭಂಗಿಯನ್ನು ಬದಲಿಸಿದರೆ ಹೊರೆ ಎಲ್ಲಿಗೂ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. ಮೊಣಕಾಲಿನಿಂದ ಇಳಿದ ಭಾರದ ಒಂದು ಪಾಲು ಮೀನಖಂಡಕ್ಕೂ ಅದರ ಕೆಳಗಿನ ಎಕಿಲಿಸ್ ಸ್ನಾಯುರಜ್ಜುವಿಗೂ ಹೋಗುತ್ತದೆ. ಓಡುವಾಗ ಈ ರಜ್ಜುವಿನ ಮೇಲೆ ಬೀಳುವ ಸೆಳೆತ ದೇಹತೂಕದ ಆರೆಂಟು ಪಟ್ಟು. ಅದಕ್ಕೆ ರಕ್ತದ ಪೂರೈಕೆ ಕಡಿಮೆಯಿರುವುದರಿಂದ ಹೊಸ ಕೆಲಸಕ್ಕೆ ಹೊಂದಿಕೊಳ್ಳುವುದೂ ನಿಧಾನ. ಹೃದಯ ಮತ್ತು ಶ್ವಾಸಕೋಶ ಕೆಲವು ವಾರಗಳಲ್ಲಿ ಸುಧಾರಿಸಿಕೊಳ್ಳುತ್ತವೆ, ಸ್ನಾಯುಗಳು ಅದರ ಹಿಂದೆಯೇ ಬರುತ್ತವೆ, ರಜ್ಜುಗಳಿಗೆ ತಿಂಗಳುಗಳೇ ಬೇಕು. ಬೆಳಗ್ಗೆ ಮಂಚದಿಂದ ಇಳಿದು ಬಚ್ಚಲುಮನೆಯವರೆಗೆ ನಡೆಯುವ ಮೊದಲ ಹತ್ತು ಹೆಜ್ಜೆಗಳಲ್ಲಿ ಹಿಮ್ಮಡಿಯ ಮೇಲ್ಭಾಗ ಎಷ್ಟು ಬಿಗಿದಿದೆ ಎಂಬುದೇ ಮೇಷ್ಟ್ರ ಅಳತೆಗೋಲು. ಹತ್ತು ಹೆಜ್ಜೆಯಲ್ಲಿ ಸಡಿಲವಾದರೆ ಓಡಬಹುದು, ಸಡಿಲವಾಗದಿದ್ದರೆ ಆ ದಿನ ಸೈಕಲ್. ಮೆಟ್ಟಿಲಿನ ತುದಿಯಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಿ ಮೇಲೆತ್ತುವ ವ್ಯಾಯಾಮವನ್ನು ದಿನವೂ ಮಾಡಬೇಕು; ಇದಕ್ಕಿಂತ ಬೇಸರದ ಕೆಲಸ ನನಗೆ ಗೊತ್ತಿಲ್ಲ, ಇದಕ್ಕಿಂತ ಉಪಯುಕ್ತವಾದದ್ದೂ ಗೊತ್ತಿಲ್ಲ.

ಇನ್ನೊಂದು ಬೆಲೆಯೂ ಇದೆ, ಅದರ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಯಾವ ಓಟಗಾರನಿಗೂ ತಾನಾಗಿ ಆರಿಸಿಕೊಂಡ ಹೆಜ್ಜೆಯ ಉದ್ದವೇ ಹೆಚ್ಚುಕಡಿಮೆ ಕನಿಷ್ಠ ಆಮ್ಲಜನಕ ಖರ್ಚಾಗುವ ಉದ್ದವಾಗಿರುತ್ತದೆ ಎಂದು ಪೀಟರ್ ಕ್ಯಾವನಾ ಮತ್ತು ಕೀತ್ ವಿಲಿಯಮ್ಸ್ 1982ರಲ್ಲೇ ತೋರಿಸಿದ್ದರು. ಅಂದರೆ ಮೊಣಕಾಲಿಗೆ ಕೆಟ್ಟದ್ದಾಗಿದ್ದ ನನ್ನ ಹಳೆಯ ಹೆಜ್ಜೆ ಉಸಿರಿಗೆ ಅಗ್ಗವಾಗಿತ್ತು. ಹೊಸ ಹೆಜ್ಜೆ ಮೊದಲ ಕೆಲವು ತಿಂಗಳು ದುಬಾರಿ: ಅದೇ ವೇಗ, ಅದೇ ದಾರಿ, ಆದರೆ ಕೈಗಡಿಯಾರದಲ್ಲಿ ಹೃದಯಬಡಿತ ಮೊದಲಿಗಿಂತ ಮೇಲೆ. ಅದನ್ನು ಕೆಳಗಿಳಿಸಬೇಕಾದರೆ ನಿಧಾನವಾಗಿ ಓಡಬೇಕು. ನಿಧಾನವಾಗಿ ಓಡಬೇಕೆಂದರೆ ಗುಂಪಿನಿಂದ ಹಿಂದುಳಿಯಬೇಕು. ಓಟದ ಭಂಗಿಯನ್ನು ಬದಲಿಸುವ ಕೆಲಸದಲ್ಲಿ ನಿಜವಾಗಿ ಕಠಿಣವಾದ ಭಾಗ ಇಲ್ಲಿಂದ ಶುರುವಾಗುತ್ತದೆ, ಅದು ಕಾಲಿಗೆ ಸಂಬಂಧಿಸಿದ್ದಲ್ಲ.

ಗುಂಪಿನಲ್ಲಿ ಓಡುವವರಿಗೆ ತಮ್ಮ ಪೇಸ್, ಅಂದರೆ ಒಂದು ಕಿಲೋಮೀಟರಿಗೆ ತೆಗೆದುಕೊಳ್ಳುವ ಸಮಯ, ಎಂದರೆ ಒಂದು ವಿಳಾಸವಿದ್ದ ಹಾಗೆ. ಆರೂವರೆ ನಿಮಿಷದವರು, ಏಳು ನಿಮಿಷದವರು, ಏಳೂವರೆಯವರು ಎಂದು ತಂಡಗಳಿರುತ್ತವೆ. ಯಾರು ಯಾರ ಪಕ್ಕ ಓಡುತ್ತಾರೆ, ಯಾವ ತಂಡದಲ್ಲಿ ಮಗಳ ಮದುವೆಯ ಮಾತು, ಯಾವುದರಲ್ಲಿ ಷೇರು ಮಾರುಕಟ್ಟೆಯ ಮಾತು ಎಂಬುದೆಲ್ಲ ವರ್ಷಗಳಿಂದ ನಿಶ್ಚಿತವಾಗಿರುತ್ತದೆ. ಹೊಸ ಹೆಜ್ಜೆಯನ್ನು ಹಿಡಿದುಕೊಂಡು ಏಳು ನಿಮಿಷದವರ ಜೊತೆ ಹೊರಟರೆ ಐದಾರು ಕಿಲೋಮೀಟರಿನವರೆಗೆ ಅದು ನಿಲ್ಲುತ್ತಿತ್ತು. ಆಮೇಲೆ ದಣಿವು, ಆಮೇಲೆ ನಾಲ್ಕು ಮಾರು ಹಿಂದೆ ಬೀಳುವುದು, ಆಮೇಲೆ ಆ ನಾಲ್ಕು ಮಾರನ್ನು ತುಂಬಲು ಕಾಲು ಮುಂದಕ್ಕೆ ಚಾಚಿಕೊಳ್ಳುವುದು. ಹಳೆಯ ಭಂಗಿ ದೇಹಕ್ಕೆ ಸಾಲ ಕೊಡುವವರಲ್ಲಿ ಎಲ್ಲರಿಗಿಂತ ಹತ್ತಿರದವನು. ಕಷ್ಟ ಬಂದಾಗ ಮೊದಲು ನೆನಪಾಗುವುದು ಅವನೇ. ಭಂಗಿ ಕೆಟ್ಟ ಕೂಡಲೇ ನಡೆಯಬೇಕು, ಕೆಟ್ಟ ಭಂಗಿಯಲ್ಲಿ ಓಡಿದ ಪ್ರತಿ ಕಿಲೋಮೀಟರೂ ಕೆಟ್ಟ ಭಂಗಿಯ ಅಭ್ಯಾಸವೇ ಎಂದು ಮೇಷ್ಟ್ರು ಹೇಳುತ್ತಿದ್ದರು. ತರ್ಕವೇನೋ ಸರಿ. ಆದರೆ ಪರಿಚಿತರ ನಡುವೆ, ಬೋಗಾದಿ ರಸ್ತೆಯಲ್ಲಿ, ಹಾಲಿನ ಬೂತಿನ ಮುಂದೆ ನಿಂತವರ ಎದುರಿನಲ್ಲಿ ಓಟ ನಿಲ್ಲಿಸಿ ನಡೆಯತೊಡಗಲು ಕಾಲಿನ ಬಲಕ್ಕಿಂತ ಬೇರೆಯದೇ ಬಲ ಬೇಕು. ಅದರ ಮೇಲೆ ಓಟವನ್ನು ದಾಖಲಿಸುವ ಸ್ಟ್ರಾವಾ ಆ್ಯಪ್‌ನಲ್ಲಿ ಎಲ್ಲರ ಅಂಕಿಗಳೂ ಎಲ್ಲರಿಗೂ ಕಾಣುತ್ತವೆ, ಹುಷಾರಿಲ್ಲವೇ ಎಂದು ವಾಟ್ಸ್‌ಆ್ಯಪ್‌ನಲ್ಲಿ ಪ್ರೀತಿಯಿಂದಲೇ ವಿಚಾರಿಸುತ್ತಾರೆ. ಆ ಪ್ರೀತಿಗೆ ಉತ್ತರ ಕೊಡುವುದು ಟೀಕೆಗೆ ಉತ್ತರ ಕೊಡುವುದಕ್ಕಿಂತ ಕಷ್ಟ.

ನಾನು ಏಳೂವರೆ ನಿಮಿಷದವರ ತಂಡಕ್ಕೆ ಇಳಿದೆ. ಅಲ್ಲಿ ಓಡುವವರಲ್ಲಿ ಅರವತ್ತು ದಾಟಿದ ಒಬ್ಬ ಮಹಿಳೆ ಇದ್ದಾರೆ, ಚೂಡಿದಾರಿನಲ್ಲಿಯೇ ಓಡುತ್ತಾರೆ. ಅವರ ಹೆಜ್ಜೆ ಚಿಕ್ಕದು, ಚುರುಕಾದದ್ದು, ನೆಲಕ್ಕೆ ತಗುಲಿದ ಸದ್ದೇ ಕೇಳದಷ್ಟು ಹಗುರವಾದದ್ದು. ಪಾದ ಯಾವಾಗಲೂ ಸೊಂಟದ ಕೆಳಗೇ. ಮೇಷ್ಟ್ರು ನನ್ನಿಂದ ತಿಂಗಳುಗಟ್ಟಲೆ ಹೊರಡಿಸಲು ನೋಡುತ್ತಿದ್ದ ಭಂಗಿ ಅವರಲ್ಲಿ ಯಾವ ಪಾಠವೂ ಇಲ್ಲದೆ ಇತ್ತು. ವೇಗವಾಗಿ ಓಡಬೇಕೆಂಬ ಆಸೆ ಅವರಿಗೆ ಎಂದೂ ಬರದಿದ್ದುದರಿಂದ ಕಾಲು ಚಾಚುವ ಅಭ್ಯಾಸವೂ ಬಂದಿಲ್ಲ ಎಂಬುದು ನನ್ನ ಊಹೆ. ಅವರ ಪಕ್ಕದಲ್ಲಿ ಓಡಿದ ದಿನಗಳಲ್ಲಿ ನನ್ನ ಕೇಡೆನ್ಸ್, ಅಂದರೆ ನಿಮಿಷದ ಹೆಜ್ಜೆಗಳ ಸಂಖ್ಯೆ, ಯಾವ ಮೆಟ್ರೊನೋಮ್ ಇಲ್ಲದೆಯೂ 168ರ ಆಸುಪಾಸಿನಲ್ಲಿರುತ್ತಿತ್ತು ಎಂಬುದನ್ನು ಗಡಿಯಾರ ತೋರಿಸುವವರೆಗೆ ನಾನು ಗಮನಿಸಿರಲಿಲ್ಲ.

ಪಕ್ಕಪಕ್ಕದಲ್ಲಿ ಓಡುವವರ ಹೆಜ್ಜೆಗಳು ತಮಗೆ ಅರಿವಿಲ್ಲದೆಯೇ ಕೂಡಿಕೊಳ್ಳುತ್ತವೆ. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 9.58 ಸೆಕೆಂಡಿನ ವಿಶ್ವದಾಖಲೆ ಮಾಡಿದ ಓಟದ ಚಿತ್ರಗಳನ್ನು ಪರಿಶೀಲಿಸಿದ ಸಂಶೋಧಕರು, ಬೋಲ್ಟ್ ಮತ್ತು ಪಕ್ಕದಲ್ಲಿದ್ದ ಟೈಸನ್ ಗೇ ಅವರ ಹೆಜ್ಜೆಗಳು ಆಗಾಗ ಒಂದಾಗುತ್ತಿದ್ದುದನ್ನು ಗುರುತಿಸಿದ್ದಾರೆ. ಬೋಲ್ಟ್ ಅವರ ಎತ್ತರ, ಹೆಜ್ಜೆಯ ಉದ್ದ ಎಲ್ಲವೂ ಬೇರೆಯಾಗಿದ್ದರೂ ಹೀಗಾಯಿತು ಎಂಬುದು ಅಲ್ಲಿನ ಸ್ವಾರಸ್ಯ. ಹತ್ತು ಸೆಕೆಂಡಿನ ಓಟದಲ್ಲೇ ಹೀಗಾಗುವುದಾದರೆ, ಒಂದೂವರೆ ಗಂಟೆ ಜೊತೆಯಲ್ಲಿ ಓಡುವ ನಮ್ಮ ಗತಿ ಏನಾಗಬೇಕು! ನಮ್ಮಲ್ಲಿ ಆರಡಿ ಎರಡಂಗುಲದ ಒಬ್ಬ ಉಪನ್ಯಾಸಕರಿದ್ದಾರೆ, ಬಹಳ ಒಳ್ಳೆಯ ಮಾತುಗಾರರು. ಅವರ ಪಕ್ಕದಲ್ಲಿ ಓಡಿದರೆ ಎರಡು ಕಿಲೋಮೀಟರಿನೊಳಗೆ ನನ್ನ ಹೆಜ್ಜೆ ಅವರ ಹೆಜ್ಜೆಯಾಗಿ ಬಿಡುತ್ತದೆ, ಮೊಣಕಾಲು ಸಂಜೆ ಅದನ್ನು ನೆನಪಿಸುತ್ತದೆ. ಮಾತಿನ ರುಚಿಯನ್ನು ಬಿಟ್ಟು ಅವರಿಂದ ದೂರ ಓಡುವುದು ನನಗೆ ಈ ತರಬೇತಿಯಲ್ಲಿ ಎದುರಾದ ದೊಡ್ಡ ನಷ್ಟ. ಯಾರ ಪಕ್ಕ ಓಡಬೇಕು ಎಂಬುದನ್ನು ಸ್ನೇಹದಿಂದ ಮಾತ್ರ ನಿರ್ಧರಿಸಬಾರದು, ಕಾಲಿನ ಅಳತೆಯನ್ನೂ ನೋಡಬೇಕು ಎಂದು ಯಾವ ತರಬೇತಿಯ ಪಟ್ಟಿಯಲ್ಲೂ ಬರೆದದ್ದನ್ನು ನಾನು ನೋಡಿಲ್ಲ.

ಮಾತಿನಿಂದ ಇನ್ನೊಂದು ಪ್ರಯೋಜನವೂ ಇದೆ. ಭಂಗಿಯ ಮೇಲೆಯೇ ಗಮನವಿಟ್ಟು ಓಡುವುದು ಬಹಳ ಆಯಾಸದ ಕೆಲಸ. 2009ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ನುರಿತ ಓಟಗಾರರನ್ನು ಒಂದೇ ವೇಗದಲ್ಲಿ ಓಡಿಸಿ, ಕೆಲವು ಹೊತ್ತು ಉಸಿರಾಟದ ಮೇಲೆ, ಕೆಲವು ಹೊತ್ತು ಕಾಲಿನ ಚಲನೆಯ ಮೇಲೆ, ಕೆಲವು ಹೊತ್ತು ಸುತ್ತಲಿನ ನೋಟದ ಮೇಲೆ ಗಮನವಿಡಲು ಹೇಳಿದರು; ಸುತ್ತಲಿನ ನೋಟದ ಮೇಲೆ ಗಮನವಿದ್ದಾಗ ಆಮ್ಲಜನಕದ ಬಳಕೆ ಅತಿ ಕಡಿಮೆಯಿತ್ತು. ಗಮನವಿಡದೆ ಭಂಗಿ ಬದಲಾಗುವುದಿಲ್ಲ, ಗಮನವಿಟ್ಟರೆ ಓಟ ಭಾರವಾಗುತ್ತದೆ. ಈ ತೊಡಕಿಗೆ ಮೇಷ್ಟ್ರ ಪರಿಹಾರ ಹಳೆಯ ಕಾಲದ್ದು. ಓಟಕ್ಕೆ ಮೊದಲು ಹತ್ತು ನಿಮಿಷ ಮೊಣಕಾಲು ಎತ್ತಿ ಜಿಗಿಯುವುದು, ಹಿಮ್ಮಡಿಯನ್ನು ಹಿಂದಕ್ಕೆ ಮಡಿಸಿ ಓಡುವುದು, ಎಂಬತ್ತು ಮೀಟರಿನ ಚುರುಕಿನ ಓಟಗಳು. ಇವುಗಳಲ್ಲಿ ಮಾತಾಡಿದರೆ ಬೈಗುಳ. ಆಮೇಲೆ ಒಂದು ಕಿಲೋಮೀಟರಿನ ಮೊದಲ ನೂರು ಮೀಟರು ಮಾತ್ರ ಹೆಜ್ಜೆಯ ಸದ್ದನ್ನು ಆಲಿಸಬೇಕು, ಉಳಿದ ಒಂಬೈನೂರು ಮೀಟರು ಹರಟೆ ಹೊಡೆಯಬೇಕು. ಕುಕ್ಕರಹಳ್ಳಿಯ ಮಣ್ಣಿನ ದಾರಿ ಇದಕ್ಕೆ ಹೇಳಿ ಮಾಡಿಸಿದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಈ ಕೆರೆಯ ಏರಿಯಲ್ಲಿ ಹೆಜ್ಜಾರ್ಲೆಗಳು ಕಾಣುತ್ತಲೇ ಎಲ್ಲರ ಕಣ್ಣೂ ನೀರಿನ ಕಡೆಗೆ ಹೋಗುತ್ತದೆ, ಕಾಲುಗಳು ತಮ್ಮ ಪಾಡಿಗೆ ತಾವು ಕಲಿತದ್ದನ್ನು ಮಾಡುತ್ತಿರುತ್ತವೆ.

ಚಾಮುಂಡಿ ಬೆಟ್ಟದ ರಸ್ತೆ ಇನ್ನೊಂದು ಬಗೆಯ ಗುರು. ನಗರದಿಂದ ಸುಮಾರು 300 ಮೀಟರ್ ಮೇಲೇರುವ ಆ ದಾರಿಯಲ್ಲಿ ಕಾಲನ್ನು ಮುಂದಕ್ಕೆ ಚಾಚಲು ಜಾಗವೇ ಇರುವುದಿಲ್ಲ. ನೆಲವೇ ಎದ್ದು ಬಂದು ಪಾದವನ್ನು ಬೇಗ ಮುಟ್ಟುತ್ತದೆ. ಹೆಜ್ಜೆ ತಾನಾಗಿ ಚಿಕ್ಕದಾಗುತ್ತದೆ, ಪೃಷ್ಠದ ಸ್ನಾಯುಗಳು ಎಚ್ಚರಗೊಳ್ಳುತ್ತವೆ, ಹಿಮ್ಮಡಿಯ ಹೊಡೆತ ಇಲ್ಲವಾಗುತ್ತದೆ. ಸರಿಯಾದ ಭಂಗಿ ಮೈಯೊಳಗೆ ಹೇಗೆ ಅನ್ನಿಸುತ್ತದೆ ಎಂಬುದನ್ನು ನನಗೆ ಬಾಯಿಮಾತಿನ ಪಾಠಗಳಿಗಿಂತ ಚೆನ್ನಾಗಿ ತಿಳಿಸಿದ್ದು ಆ ಏರು. ಇಳಿಜಾರಿನಲ್ಲಿ ಎಲ್ಲವೂ ತಲೆಕೆಳಗು. ಕಾಲು ಮುಂದೆ ಹೋಗಿ ತಡೆಯುತ್ತದೆ, ಮೊಣಕಾಲು ಅದನ್ನೆಲ್ಲ ಅನುಭವಿಸುತ್ತದೆ. ಆದ್ದರಿಂದ ನಾವು ಕೆಲವರು ಓಡಿ ಹತ್ತಿ, ನಡೆದು ಇಳಿಯುತ್ತೇವೆ. ಗುಂಪಿನ ತರುಣರು ಇಳಿಯುವಾಗಲೇ ತಮ್ಮ ದಾಖಲೆಗಳನ್ನು ಮಾಡಿಕೊಳ್ಳುತ್ತಾರೆ.

ಗುಂಪಿನಲ್ಲಿ ಸಲಹೆಗಳಿಗೆ ಬರವಿಲ್ಲ. ಒಂದೇ ಸುತ್ತಿನಲ್ಲಿ ಒಬ್ಬರು ಕೈಯನ್ನು ಇನ್ನೂ ಮೇಲೆ ಹಿಡಿಯಿರಿ ಎಂದರೆ ಇನ್ನೊಬ್ಬರು ಕೆಳಗಿಳಿಸಿ ಎನ್ನುತ್ತಾರೆ. ನನ್ನ ಎಡಗೈ ಓಡುವಾಗ ಎದೆಗೆ ಅಡ್ಡಲಾಗಿ ಬರುತ್ತದೆ ಎಂಬುದನ್ನು ಬಹಳ ಮಂದಿ ಗುರುತಿಸಿದ್ದಾರೆ, ಮೇಷ್ಟ್ರು ಮಾತ್ರ ಅದನ್ನು ಮುಟ್ಟಲಿಲ್ಲ. ಇಥಿಯೋಪಿಯಾದ ಹೈಲೆ ಗೆಬ್ರಸೆಲಾಸಿ ಬಾಲ್ಯದಲ್ಲಿ ಪುಸ್ತಕಗಳನ್ನು ಹಿಡಿದು ಶಾಲೆಗೆ ಓಡುತ್ತಿದ್ದುದರಿಂದ ಅವರ ಎಡಗೈ ಕೊನೆಯವರೆಗೂ ಮಡಿಸಿಕೊಂಡೇ ಇರುತ್ತಿತ್ತು ಎನ್ನುತ್ತಾರೆ; ಅದೇ ಕೈಯಿಟ್ಟುಕೊಂಡು ಅವರು ಎರಡು ಒಲಿಂಪಿಕ್ಸ್ ಚಿನ್ನ ಗೆದ್ದರು. 2003ರಲ್ಲಿ ಲಂಡನ್ನಿನಲ್ಲಿ 2 ಗಂಟೆ 15 ನಿಮಿಷ 25 ಸೆಕೆಂಡಿಗೆ ಮ್ಯಾರಥಾನ್ ಮುಗಿಸಿದ ಪೌಲಾ ರ‍್ಯಾಡ್‌ಕ್ಲಿಫ್ ಅವರ ತಲೆ ಓಟದುದ್ದಕ್ಕೂ ಅಲ್ಲಾಡುತ್ತಿತ್ತು. 1952ರ ಹೆಲ್ಸಿಂಕಿಯಲ್ಲಿ 5,000 ಮೀಟರ್, 10,000 ಮೀಟರ್, ಮ್ಯಾರಥಾನ್ ಮೂರನ್ನೂ ಗೆದ್ದ ಎಮಿಲ್ ಜಾಟೊಪೆಕ್ ಅವರ ಮುಖವನ್ನು ನೋಡಿದವರಿಗೆ ಈ ಮನುಷ್ಯ ಮುಂದಿನ ಸುತ್ತಿಗೆ ಉಳಿಯುವುದಿಲ್ಲ ಎನ್ನಿಸುತ್ತಿತ್ತಂತೆ. ಕೆನ್ಯಾದ ಪ್ರಿಸ್ಕಾ ಜೆಪ್ಟೂ ಅವರ ಮೊಣಕಾಲುಗಳು ಪ್ರತಿ ಹೆಜ್ಜೆಗೂ ಒಳಮುಖವಾಗಿ ಬಾಗುತ್ತಿದ್ದವು, ಅವರು 2012ರ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಬೆಳ್ಳಿ ಗೆದ್ದರು. ನೋಡಲು ಚೆಂದವಿಲ್ಲದ್ದೆಲ್ಲವೂ ದೋಷವಲ್ಲ. ನೋವು ಕೊಡುವ ಒಂದನ್ನು ಹುಡುಕಿ ತಿದ್ದಿ, ಉಳಿದವನ್ನು ಅವುಗಳ ಪಾಡಿಗೆ ಬಿಡುವ ತಾಳ್ಮೆ ಬಹಳ ಕಡಿಮೆ ತರಬೇತುದಾರರಲ್ಲಿ ಇರುತ್ತದೆ, ಜೊತೆ ಓಟಗಾರರಲ್ಲಿ ಇರುವುದೇ ಇಲ್ಲ.

ಈ ಏಪ್ರಿಲ್‌ನಲ್ಲಿ ಗುಂಪಿನವರೆಲ್ಲ ಬೆಂಗಳೂರಿನ ವರ್ಲ್ಡ್ 10ಕೆ ಓಟಕ್ಕೆ ಹೋಗಿದ್ದೆವು. 2008ರಿಂದ ನಡೆಯುತ್ತಿರುವ ಈ ಓಟದಲ್ಲಿ ಸಾವಿರಾರು ಜನರ ನಡುವೆ ಮೊದಲ ಎರಡು ಕಿಲೋಮೀಟರು ಯಾರಿಗೂ ತಮ್ಮಿಷ್ಟದ ಹೆಜ್ಜೆ ಹಾಕಲು ಆಗುವುದಿಲ್ಲ, ಆ ದಟ್ಟಣೆ ನನಗೆ ಒಳ್ಳೆಯದೇ ಆಯಿತು. ಕೊನೆಯ ಒಂದೂವರೆ ಕಿಲೋಮೀಟರಿನಲ್ಲಿ ರಸ್ತೆ ತೆರವಾಯಿತು, ಗಡಿಯಾರ ಆಸೆ ಹುಟ್ಟಿಸಿತು. ಆಮೇಲೆ ಬಂದ ಚಿತ್ರಗಳಲ್ಲಿ ಮೂರನೆಯ ಕಿಲೋಮೀಟರಿನ ಬಳಿ ಪಾದ ಸೊಂಟಕ್ಕೆ ಹತ್ತಿರವಿದೆ, ಮುಕ್ತಾಯದ ಕಮಾನಿನ ಕೆಳಗೆ ಅದೇ ಹಳೆಯ ಗೇಣು, ಅದೇ ನೆಟ್ಟಗಿನ ಮೊಣಕಾಲು. ಮೇಷ್ಟ್ರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಎಂಟೂವರೆ ಕಿಲೋಮೀಟರಿನವರೆಗೆ ಬಂದಿದೆ ಎಂದರು. ಅವರ ಲೆಕ್ಕದಲ್ಲಿ ಭಂಗಿಗೂ ದೂರದ ಅಳತೆ ಇದೆ. ಉಸಿರು ಎಷ್ಟು ದೂರಕ್ಕೆ ಬರುತ್ತದೆ ಎಂಬುದಲ್ಲ, ಹೊಸ ಹೆಜ್ಜೆ ಎಷ್ಟು ದೂರಕ್ಕೆ ಬರುತ್ತದೆ ಎಂಬುದರ ಮೇಲೆ ಭಾನುವಾರದ ಓಟವನ್ನು ನಿಗದಿ ಮಾಡಬೇಕು.

ಹಾಗಾಗಿ ಹಾಫ್ ಮ್ಯಾರಥಾನಿನ ತಯಾರಿಗೆಂದು ಗುಂಪು ದೂರವನ್ನು ಹೆಚ್ಚಿಸುತ್ತಿರುವಾಗ ನನ್ನ ಪಟ್ಟಿ ಬೇರೆಯಾಗಿದೆ. ಮಂಗಳವಾರದ ಇಂಟರ್ವಲ್‌ನಲ್ಲಿ, ಅಂದರೆ ನಡುನಡುವೆ ವಿರಾಮ ಕೊಟ್ಟು ಓಡುವ ಅಭ್ಯಾಸದಲ್ಲಿ, 400 ಮೀಟರಿನ ಓಟಗಳಿಗೆ ಬದಲು 200 ಮೀಟರಿನವು, ಏಕೆಂದರೆ ಅಷ್ಟು ದೂರ ಹೆಜ್ಜೆ ಕೆಡುವುದಿಲ್ಲ. ಗುರುವಾರ ಏರಿನ ಓಟ. ಭಾನುವಾರ ಎಂಟೂವರೆ ಕಿಲೋಮೀಟರಿನಿಂದ ಹತ್ತು ಕಿಲೋಮೀಟರಿನವರೆಗೆ, ಎರಡು ವಾರಕ್ಕೊಮ್ಮೆ ಅರ್ಧ ಕಿಲೋಮೀಟರು ಹೆಚ್ಚು. ಬರುವ ಭಾನುವಾರ ಉಳಿದವರಿಗೆ ಹದಿನಾರು ಕಿಲೋಮೀಟರು ಇದೆ. ನಾನು ಬೋಗಾದಿಯ ರಿಂಗ್ ರಸ್ತೆ ಸಿಗುವ ಮುನ್ನವೇ ತಿರುಗಿಕೊಳ್ಳುತ್ತೇನೆಂದು ವಾಟ್ಸ್‌ಆ್ಯಪ್‌ನಲ್ಲಿ ಮೊದಲೇ ಬರೆದಿದ್ದೇನೆ. ಚೂಡಿದಾರಿನ ಆ ಹಿರಿಯರೂ ತಮಗೆ ಮೊಮ್ಮಗನ ನಾಮಕರಣವಿದೆ, ಅಲ್ಲಿಯವರೆಗೇ ಬಂದು ನನ್ನ ಜೊತೆ ಹಿಂದಿರುಗುವುದಾಗಿ ಉತ್ತರಿಸಿದ್ದಾರೆ.